ಸರಳಾಳ ಮಾತಿಗೆ ಸುಮಿತ್ರಮ್ಮನ ದನಿ

ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಸುಮಿತ್ರಮ್ಮನಿಗೆ ಎರಡು ಉದ್ಯೋಗ. ಒಂದು, ನೋಯ್ಡಾದ ಸ್ಟುಡಿಯೋಗಳಿಗೆ ಹೋಗಿ ಜಾಹೀರಾತಿಗೋ ಸರ್ಕಾರಿ ಪ್ರಚಾರಕ್ಕೋ ಕನ್ನಡದ ದನಿ ಕೊಡುವುದು. ಇನ್ನೊಂದು, ದಿಲ್ಲಿಗೆ ಹೊಸದಾಗಿ ಬಂದಿಳಿದ ಕನ್ನಡದವರ ಪರವಾಗಿ ಹಿಂದಿಯಲ್ಲಿ ಮಾತನಾಡುವುದು. ಮೊದಲನೆಯದರಿಂದ ಅಷ್ಟಿಷ್ಟು ದುಡ್ಡು ಬರುತ್ತಿತ್ತು, ಎರಡನೆಯದಕ್ಕೆ ಕೈಯಿಂದಲೇ ಆಟೋ ಖರ್ಚು. "ಊರ ಉಸಾಬರಿಯೆಲ್ಲ ನಿನಗೇ ಗುತ್ತಿಗೆ ಕೊಟ್ಟಿದ್ದಾರೇನೇ?" ಎಂದು ಗಂಡ ವೆಂಕಟಸುಬ್ಬಯ್ಯ ಕೇಳುತ್ತಿದ್ದರು. ಅವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ, ಕೇಳದಿದ್ದರೆ ಅದನ್ನೂ ಕೊಡದ ಮನುಷ್ಯ.

ಪರರ ಪರವಾಗಿ ಮಾತನಾಡುವಾಗ ಸುಮಿತ್ರಮ್ಮನದೊಂದು ಪದ್ಧತಿಯಿತ್ತು. ಅಂದದ್ದನ್ನು ಅಂದ ಹಾಗೇ ದಾಟಿಸುತ್ತಿರಲಿಲ್ಲ, ಸ್ವಲ್ಪ ತೊಳೆದು ಒರೆಸಿ ಕೊಡುತ್ತಿದ್ದಳು. ಒಮ್ಮೆ ಹೊಸದಾಗಿ ಮದುವೆಯಾಗಿ ಬಂದ ಹರ್ಷಿಣಿ ಎಂಬ ಹುಡುಗಿಗೆ ಮನೆ ಮಾಲೀಕಳು ನಲ್ಲಿ ನೀರಿನ ವಿಷಯಕ್ಕೆ ಬಾಯಿಗೆ ಬಂದ ಹಾಗೆ ಬಯ್ದಾಗ, "ನೀರು ಬೆಳಿಗ್ಗೆ ಬೇಗ ಹಿಡಿದಿಟ್ಟುಕೊಳ್ಳಮ್ಮಾ, ಆಮೇಲೆ ನಿಂಗೇ ಕಷ್ಟ ಆಗುತ್ತೆ ಅಂತಿದ್ದಾರೆ" ಎಂದು ತಿಳಿಸಿದಳು. ಹರ್ಷಿಣಿ, "ಈ ಪಿಶಾಚಿ ಮನೇಲಿ ನಾನಿರಲ್ಲ" ಅಂದದ್ದು ಹಿಂದಿಯಲ್ಲಿ "ನಿಮ್ಮನ್ನ ಕಂಡರೆ ಅವಳಿಗೆ ಅತ್ತೆ ನೆನಪಾಗ್ತಾರಂತೆ" ಎಂದಾಯಿತು. ಇಬ್ಬರೂ ನಕ್ಕರು, ಆ ಸಂಸಾರ ಅದೇ ಮನೆಯಲ್ಲಿ ನಾಲ್ಕು ವರ್ಷ ಸುಖವಾಗಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹೇಳಿಕೊಂಡು ಓಡಾಡುವ ಹಕ್ಕು ತನಗಲ್ಲದೆ ಇನ್ಯಾರಿಗೆ ಎಂದು ಸುಮಿತ್ರಮ್ಮ ಭಾವಿಸಿದ್ದಳು. ತಪ್ಪೇನಿಲ್ಲ, ಅಲ್ಲಿಯವರೆಗೆ ಅದರಿಂದ ಯಾರಿಗೂ ಕೆಡುಕಾಗಿರಲಿಲ್ಲ.

ಅವಳ ಹತ್ತಿರದ ಗೆಳತಿ ಸರಳಾ. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು, ತುರುವೇಕೆರೆಯ ಕಡೆಯ ಸೊಸೆ. ಗಂಡ ಚಂದ್ರಕಾಂತನೊಡನೆ ಮುನಿರ್ಕಾದ ಬಳಿ ಬಾಡಿಗೆ ಹಿಡಿದ ಫ್ಲಾಟಿನ ಕೆಳಮನೆಯಲ್ಲಿ ಮೆಸ್ ನಡೆಸುತ್ತಿದ್ದಳು. ಯೂನಿವರ್ಸಿಟಿ ಹುಡುಗರು ಬೆಳಿಗ್ಗೆ ಇಡ್ಲಿಗೆ, ರಾತ್ರಿ ಅನ್ನ ಸಾರಿಗೆ ಮುಗಿಬೀಳುತ್ತಿದ್ದರು. ಹಿಟ್ಟು ರುಬ್ಬುವುದರಿಂದ ಒಲೆ ಒರೆಸುವವರೆಗೆ ಎಲ್ಲ ಸರಳಾಳದು, ಗಲ್ಲಾಪೆಟ್ಟಿಗೆ ಚಂದ್ರಕಾಂತನದು. ಅವಳ ಮಾತು ಕಡಿಮೆ. ಅವಳು ಕಲಿತ ಹಿಂದಿಯೂ ತರಕಾರಿ ಭಯ್ಯಾ, ಗ್ಯಾಸ್ ಭಯ್ಯಾಗಳ ಹತ್ತಿರ ಕಲಿತದ್ದು, ವ್ಯಾಕರಣ ಗೀಕರಣ ಇಲ್ಲದ್ದು.

ಎರಡು ಸಾವಿರದ ಆರರಲ್ಲಿ ದಿಲ್ಲಿಯಲ್ಲಿ ಸೀಲಿಂಗ್ ಶುರುವಾಯಿತು. ವಾಸದ ಮನೆಗಳಲ್ಲಿ ವ್ಯಾಪಾರ ಕೂಡದೆಂದು ಕೋರ್ಟಿನ ಆಜ್ಞೆ. ಒಂದು ಮಧ್ಯಾಹ್ನ ಮೆಸ್ಸಿನ ಬಾಗಿಲಿಗೂ ಬೀಗ ಬಿತ್ತು, ಮೇಲೊಂದು ಅರಗಿನ ಮುದ್ರೆ. ಒಳಗೆ ರುಬ್ಬಿಟ್ಟ ಹಿಟ್ಟು ಹಾಗೇ ಹುಳಿತು ಹೋಯಿತು. ಅದುವರೆಗೆ ದುಡಿದದ್ದೆಲ್ಲ ಎಲ್ಲಿ ಹೋಯಿತು ಎಂದು ನೋಡಿದರೆ, ಚಂದ್ರಕಾಂತ ತಿಂಗಳು ತಿಂಗಳೂ ಊರಿನಲ್ಲಿದ್ದ ತಮ್ಮ ಯೋಗೀಶನಿಗೆ ಕಳಿಸುತ್ತಿದ್ದ. ಯೋಗೀಶ ಮೊದಲು ಲಾರಿ ಕೊಂಡ, ಆಮೇಲೆ ಲಾರಿಯನ್ನು ಉಳಿಸಿಕೊಳ್ಳಲು ಸಾಲ ಮಾಡಿದ, ಆಮೇಲೆ ಮನೆ ಕಟ್ಟಿಸಲು ಶುರುಮಾಡಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಜಾತಿ. ದಿಲ್ಲಿಯ ಅಣ್ಣ ದೊಡ್ಡ ಹೋಟೆಲ್ಲಿನ ಯಜಮಾನ ಎಂದು ಊರೆಲ್ಲ ಹೇಳಿಕೊಂಡಿದ್ದ. ಮೆಸ್ ಮುಚ್ಚಿದ ಸುದ್ದಿಯನ್ನು ಚಂದ್ರಕಾಂತ ಊರಿಗೆ ತಿಳಿಸಲೇ ಇಲ್ಲ, ಕೈಗಡ ತಂದು ತಮ್ಮನಿಗೆ ಕಳಿಸುವುದನ್ನೂ ನಿಲ್ಲಿಸಲಿಲ್ಲ. ಸರಳಾ ಅಕ್ಕಪಕ್ಕದ ಮನೆಗಳಿಗೆ ಡಬ್ಬಿ ಊಟ ಕಟ್ಟಿಕೊಡುತ್ತ ದಿನ ತಳ್ಳಿದಳು. ಸುಮಿತ್ರಮ್ಮನ ಎದುರಿಗೂ ಒಂದು ದಿನವೂ ಬಾಯಿ ಬಿಡಲಿಲ್ಲ.

ಇಷ್ಟಾಗುವಾಗ ನೋಯ್ಡಾದ ಒಂದು ಹಿಂದಿ ಚಾನೆಲ್ಲಿನಲ್ಲಿ 'ಘರ್ ಕಾ ಹಿಸಾಬ್', ಅಂದರೆ ಮನೆಯ ಲೆಕ್ಕ, ಎಂಬ ಕಾರ್ಯಕ್ರಮ ಶುರುವಾಯಿತು. ಕೈ ಖಾಲಿಯಾದ ಕುಟುಂಬವೊಂದರ ಮನೆಗೆ ಕ್ಯಾಮೆರಾ ಹೋಗುತ್ತದೆ. ನಿರೂಪಕಿ ಮನೆಯವರನ್ನು ಮಾತನಾಡಿಸುತ್ತಾಳೆ, ದುಡ್ಡಿನ ವ್ಯವಹಾರ ಬಲ್ಲವರೊಬ್ಬರು ಬುದ್ಧಿ ಹೇಳುತ್ತಾರೆ, ಕೊನೆಗೆ ಪ್ರಾಯೋಜಕರು ಆ ಮನೆಯ ದೊಡ್ಡ ಸಂಕಟವೊಂದನ್ನು ಕಳೆಯುತ್ತಾರೆ. ನಡುನಡುವೆ ಅಳು. ಅಳು ಬಂದಾಗ ಪಿಟೀಲು. ಆ ಕಾರ್ಯಕ್ರಮ ಮಾಡುತ್ತಿದ್ದವನು ಸಾಕೇತ್, ಕೊಡಗಿನ ನಿವೃತ್ತ ಕರ್ನಲ್ ಒಬ್ಬರ ಮಗ, ದಿಲ್ಲಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಆಡಲು ಹೋದರೆ ಮೂರನೇ ಶಬ್ದಕ್ಕೆ ಹಿಂದಿ ಬಂದುಬಿಡುತ್ತಿತ್ತು. "ಆಂಟಿ, ಪ್ಲೀಸ್ ನಾ, ಒಂದು ಸೌತ್ ಇಂಡಿಯನ್ ಫ್ಯಾಮಿಲಿ ಕೊಡಿಸಿ. ಎಲ್ಲಾ ಎಪಿಸೋಡ್‌ನಲ್ಲೂ ಪಂಜಾಬಿಗಳೇ ರೋ ರಹೇ ಹೈಂ" ಎಂದು, ಪಂಜಾಬಿಗಳ ಅಳು ಸಾಕಾದವನಂತೆ, ಸುಮಿತ್ರಮ್ಮನಿಗೆ ದುಂಬಾಲು ಬಿದ್ದ.

ಸುಮಿತ್ರಮ್ಮ ಆವತ್ತೇ ಸಂಜೆ ಸರಳಾಳ ಮನೆಗೆ ಹೋದಳು.

"ಬೇಡ ಸುಮಿತ್ರಕ್ಕ. ಊರಲ್ಲಿ ಯಾರಾದರೂ ನೋಡಿದರೆ?" ಎಂದಳು ಸರಳಾ.

"ಹಿಂದಿ ಚಾನೆಲ್ಲು ಕಣೇ! ತುರುವೇಕೆರೆಯಲ್ಲಿ ಯಾರು ಅದನ್ನ ಹಾಕ್ಕೊಂಡು ಕೂರ್ತಾರೆ? ನಿಮ್ಮತ್ತೆಗೆ 'ಪಾನಿ' ಅಂದರೆ ಏನು ಅಂತ ಗೊತ್ತಾ? ಹಿಂದಿ ಅಂದರೆ ನಮಗೂ ಊರಿಗೂ ನಡುವೆ ಒಂದು ಗೋಡೆ ಇದ್ದ ಹಾಗೆ. ಅಂಗಡಿ ಹಾಕಿಕೊಡ್ತಾರಂತೆ, ಬಾಯಿಗೆ ಬಂದ ತುತ್ತು ಬಿಡಬೇಡ."

ಚಂದ್ರಕಾಂತ ಅಂಗಡಿ ಎಂದ ಕೂಡಲೇ ಒಪ್ಪಿದ. ಸರಳಾ, "ಏನು ಬೇಕಾದರೂ ಹೇಳಬಹುದಾ ಅಲ್ಲಿ?" ಎಂದು ಕೇಳಿದಳು. ಹೇಳಬಹುದು ಎಂದಳು ಸುಮಿತ್ರಮ್ಮ. ಆ ಪ್ರಶ್ನೆಯ ತೂಕ ಅವಳಿಗೆ ಆಗ ತಿಳಿಯಲಿಲ್ಲ.

ಚಿತ್ರೀಕರಣದ ದಿನ ಬಂದ ಹುಡುಗರು ಮೊದಲು ಮಾಡಿದ ಕೆಲಸವೆಂದರೆ ಫ್ರಿಜ್ಜನ್ನು ಪಕ್ಕದ ಮನೆಗೆ ಸಾಗಿಸಿದ್ದು. ಆಮೇಲೆ ಟಿವಿ. ಹಿತ್ತಾಳೆಯ ದೀಪದ ಕಂಬಗಳೂ ಹೋದವು. ಸರಳಾಳಿಗೆ ಇದಕ್ಕಿಂತ ಹಳೇ ಸೀರೆ ಇದೆಯೇ ಎಂದು ಕೇಳಿದರು. ಇದೇ ಎಲ್ಲಕ್ಕಿಂತ ಹಳೆಯದು ಎಂದಳು ಅವಳು. ಬಡತನವೂ ಟಿವಿಗೆ ಬರಬೇಕಾದರೆ ಮೇಕಪ್ ಬೇಕು ಎಂದು ಸುಮಿತ್ರಮ್ಮ ನಗೆಯಾಡಿದಳು, ಯಾರೂ ನಗಲಿಲ್ಲ.

ನಿರೂಪಕಿ ಮೆಲ್ಲಗೆ ಕೈ ಹಿಡಿದು, ಎಲ್ಲಾ ಹೇಗಾಯಿತು ಎಂದು ಕೇಳಿದಳು. ಎಲ್ಲರೂ ಅಳುವಿಗೆ ಕಾದಿದ್ದರು. ಸರಳಾ ಅಳಲಿಲ್ಲ. ನಾಳೆಯ ತರಕಾರಿಯ ಲೆಕ್ಕ ಹೇಳುವ ದನಿಯಲ್ಲಿ ಹೇಳಿದಳು: "ಹಮಾರಾ ಸಬ್ ಪೈಸಾ ಇನ್ಕಾ ಭಾಯಿ ಕೋ ಗಯಾ. ಕಾಮ್ ಮೈ ಕರ್ತೀ. ಮೇರೇ ಕೋ ಕಿಸೀನೆ ಪೂಛಾ ನಹೀ." ನಮ್ಮ ದುಡ್ಡೆಲ್ಲ ಇವರ ತಮ್ಮನಿಗೆ ಹೋಯಿತು, ದುಡಿಯುವವಳು ನಾನು, ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಷ್ಟೇ. ಚಂದ್ರಕಾಂತ ನೆಲ ನೋಡುತ್ತಿದ್ದ. ಕ್ಯಾಮೆರಾ ಅವನ ಮುಖಕ್ಕೆ ಹೋಗಿ ಬಹಳ ಹೊತ್ತು ಅಲ್ಲೇ ನಿಂತಿತು.

ಆ ಕಂತು ಪ್ರಸಾರವಾಯಿತು. ಪ್ರಾಯೋಜಕರು ಮುಂಗಡ ಕೊಟ್ಟು ಮಾರುಕಟ್ಟೆಯಲ್ಲೇ ಕಾನೂನಿಗೊಪ್ಪುವ ಅಂಗಡಿ ಹಿಡಿದುಕೊಟ್ಟರು. ಅದನ್ನು ನೋಡಿದೆವೆಂದು ಊರಿನಿಂದ ಒಂದು ಫೋನೂ ಬರಲಿಲ್ಲ. ಆದರೆ ಮುನಿರ್ಕಾದಲ್ಲಿ ಹಿಂದಿ ಬಲ್ಲವರೆಲ್ಲ ನೋಡಿದ್ದರಲ್ಲ, ಹಾಲಿನವನು ಚಂದ್ರಕಾಂತನಿಗೆ, "ಭಾಬೀಜಿಯನ್ನೂ ಕೇಳಿ ಖರ್ಚು ಮಾಡಿ ಭಯ್ಯಾ" ಎಂದು ಬುದ್ಧಿ ಹೇಳಿದ. ನಾಚಿಕೆಗೋ ಏನೋ, ಚಂದ್ರಕಾಂತ ಊರಿಗೆ ಕಳಿಸುವುದನ್ನು ನಿಲ್ಲಿಸಿದ. ಹೊಸ ಮೆಸ್ಸಿನ ಗಲ್ಲಾದಲ್ಲಿ ಸರಳಾ ಕೂತಳು. ಅಲ್ಲಿ ಕೂತು ಚಿಲ್ಲರೆ ಎಣಿಸುವಾಗ ಅವಳ ಬೆನ್ನು ನೆಟ್ಟಗಾಗಿದ್ದನ್ನು ಸುಮಿತ್ರಮ್ಮ ನೋಡಿದಳು, ತನ್ನ ಬೆನ್ನನ್ನೂ ತಾನೇ ತಟ್ಟಿಕೊಂಡಳು.

ಆರೇಳು ತಿಂಗಳು ಕಳೆದಿರಬೇಕು, ಸಾಕೇತ್ ಫೋನ್ ಮಾಡಿದ. ಕರ್ನಾಟಕದ ಚಾನೆಲ್ಲೊಂದು ಆ ಕಾರ್ಯಕ್ರಮವನ್ನು ಕೊಂಡಿದೆ. ಹೆಣ್ಣುಮಕ್ಕಳ ಮಾತಿಗೆಲ್ಲ ಕನ್ನಡದಲ್ಲಿ ದನಿ ಕೊಡಬೇಕು, ಮಾತನ್ನು ಕನ್ನಡಕ್ಕೆ ತರುವುದೂ ಆಂಟಿಯೇ.

"ಡಬ್ಬಿಂಗ್ ಅಂದರೆ ಬೆಂಗಳೂರಲ್ಲಿ ಗಲಾಟೆ ಆಗಲ್ವೇನೋ?"

"ಅದು ಸೀರಿಯಲ್ಲಿಗೆ ಆಂಟಿ. ಇದು ರಿಯಲ್ ಲೈಫ್. ರಿಯಲ್ ಲೈಫ್‌ಗೆ ಯಾರೂ ಗಲಾಟೆ ಮಾಡಲ್ಲ."

"ಸರಳಾಂದೂ ಇದೆಯಾ ಅದರಲ್ಲಿ?"

"ಆಫ್ ಕೋರ್ಸ್. ಕನ್ನಡದವರದ್ದು ಅಂತ ಅದಕ್ಕೇ ಜಾಸ್ತಿ ಡಿಮ್ಯಾಂಡ್."

ಸುಮಿತ್ರಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಗೋಡೆ ಎಂದು ಹೇಳಿದವಳು ತಾನೇ, ಈಗ ಅದಕ್ಕೆ ಬಾಗಿಲು ಕೊರೆಯುವ ಕೆಲಸಕ್ಕೆ ಕರೆ ಬಂದದ್ದೂ ತನಗೇ. ಆ ಕಂತನ್ನು ಬಿಡು ಎಂದು ಬೇಡಿಕೊಂಡಳು. ಅದು ತನ್ನ ಕೈಯಲ್ಲಿಲ್ಲ ಎಂದ ಸಾಕೇತ್. ನೀವು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ, ಅಷ್ಟೇ. ಸರಳಾಳಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವಳು ಹೆದರಿಕೊಳ್ಳುತ್ತಾಳೆ, ಹೆದರಿಸುವುದು ಯಾಕೆ, ನಾನೇ ಸರಿಮಾಡುತ್ತೇನೆ ಎಂದುಕೊಂಡಳು. ಇಡೀ ಆಯುಷ್ಯ ಅವಳು ಮಾಡಿಕೊಂಡು ಬಂದದ್ದೇ ಅದಲ್ಲವೆ.

ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ಪರದೆಯ ಮೇಲೆ ಸರಳಾ ಬಾಯಿ ತೆರೆದಳು. ಸುಮಿತ್ರಮ್ಮ ಎದುರಿಗಿಟ್ಟುಕೊಂಡದ್ದು ಬೇರೆಯೇ ಮಾತು. ಮೈದುನನ ಹೆಸರೆತ್ತಿದರೆ ಅತ್ತೆಯ ಮನೆಯಲ್ಲಿ ಸರಳಾಳನ್ನು ಹರಿದು ತಿನ್ನುತ್ತಾರೆ. ಗಂಡನ ಹೆಸರೆತ್ತಿದರೂ ಅಷ್ಟೇ. ಯಾರಿಗೂ ನೋಯದ ಹಾಗೆ ತಪ್ಪನ್ನು ಹಾಕುವ ಜಾಗ ಒಂದೇ ಉಳಿದಿತ್ತು.

"ತಪ್ಪೆಲ್ಲ ನನ್ನದೇ," ಎಂದಿತು ಸರಳಾಳ ತುಟಿ, ಸುಮಿತ್ರಮ್ಮನ ದನಿಯಲ್ಲಿ. "ಸಂಸಾರ ಹೇಗೆ ತೂಗಿಸಬೇಕು ಅಂತ ನನಗೆ ಗೊತ್ತಾಗಲಿಲ್ಲ. ಕೈ ಬಿಚ್ಚಿ ಖರ್ಚು ಮಾಡಿಬಿಟ್ಟೆ."

ಸರಳಾ ಅಳದಿದ್ದ ಜಾಗದಲ್ಲಿ ಸುಮಿತ್ರಮ್ಮ ಅತ್ತಳು, ಬಹಳ ಚೆನ್ನಾಗಿ ಅತ್ತಳು. ರೆಕಾರ್ಡಿಂಗಿನವನು ಗಾಜಿನಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದ. ಸಾಕೇತ್ ಮಾತ್ರ ಹುಬ್ಬು ಗಂಟಿಕ್ಕಿ, "ಆಂಟಿ, ಅವರು ಹೀಗೇ ಹೇಳಿದ್ದಾ?" ಎಂದು ಕೇಳಿದ.

"ಭಾವಾರ್ಥ ಕಣೋ," ಎಂದಳು.

ಮನೆಗೆ ಬರುವಾಗ ಒಳ್ಳೆಯದನ್ನೇ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಸಲ ಹೇಳಿಕೊಂಡರೆ ಸಾಕಾಗಬೇಕಿತ್ತು, ಸಾಕಾಗಲಿಲ್ಲ. ಊಟಕ್ಕೆ ಕೂತಾಗ ಗಂಡನಿಗೂ ಹೇಳಿದಳು. ವೆಂಕಟಸುಬ್ಬಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟು, "ಅವಳನ್ನ ಕೇಳಿದ್ಯಾ?" ಎಂದರು. ಅವಳು ಹುಳಿ ಬಡಿಸಲು ಎದ್ದಳು.

ಬೇಸಿಗೆಯ ಹೊತ್ತಿಗೆ ತುರುವೇಕೆರೆಯಲ್ಲಿ ಮನೆಮನೆಯವರೂ ಅದನ್ನು ನೋಡಿದ್ದರು. ಯೋಗೀಶ ಅಣ್ಣನಿಗೆ ಫೋನ್ ಮಾಡಿ ಗದರಿದನಂತೆ, ಅತ್ತಿಗೆ ಕೈಗೆ ಗಲ್ಲಾ ಕೊಟ್ಟಿದ್ದೀಯಲ್ಲ, ಬುದ್ಧಿ ಇದೆಯಾ ನಿನಗೆ, ಹಾಳು ಮಾಡಿದವಳು ನಾನೇ ಅಂತ ಅವಳೇ ಟಿವಿಯಲ್ಲಿ ಒಪ್ಪಿಕೊಂಡಿದ್ದಾಳೆ. ಚಂದ್ರಕಾಂತ ಇಲ್ಲ ಎನ್ನಲಿಲ್ಲ. ಹಿಂದಿಯಲ್ಲಿ ಅವನ ತಲೆಯ ಮೇಲೆ ಬಿದ್ದಿದ್ದ ತಪ್ಪು ಕನ್ನಡದಲ್ಲಿ ಹೆಂಡತಿಯ ತಲೆಗೆ ಹೋಗಿತ್ತು, ಇಳಿಸಿಕೊಂಡವನು ಮತ್ತೆ ಯಾಕೆ ಹೊರುತ್ತಾನೆ? ಒಂದು ವಾರದಲ್ಲಿ ಅವನ ತಾಯಿ ಬೆಂಗಳೂರಿಗೆ ಬಂದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ ಇಳಿದರು. ಸೊಸೆಯ ಸಂಸಾರ ಸರಿಮಾಡಿಕೊಡಲು ಬಂದದ್ದು. ಗಲ್ಲಾದಲ್ಲಿ ಅವರು ಕೂತರು, ಸರಳಾ ಒಲೆಯ ಹತ್ತಿರ ಹೋದಳು. ಊರಿಗೆ ದುಡ್ಡು ಹೋಗುವುದು ಮತ್ತೆ ಶುರುವಾಯಿತು.

ಇದೆಲ್ಲ ಬೇರೆಯವರ ಬಾಯಿಂದ ಸುಮಿತ್ರಮ್ಮನ ಕಿವಿಗೆ ಬಿತ್ತು. ಸರಳಾ ಫೋನೂ ಮಾಡಲಿಲ್ಲ, ಸಂಕಷ್ಟಿಯ ಭಜನೆಗೂ ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಭಜನೆಯಲ್ಲಿ ಯಾರಾದರೂ "ಪಾಪ ಸರಳಾ" ಎಂದರೆ ಸುಮಿತ್ರಮ್ಮನ ತಾಳ ತಪ್ಪುತ್ತಿತ್ತು. ಹೋಗಬೇಕು ಅಂದುಕೊಂಡು ಬಸ್ ಸ್ಟಾಪಿನವರೆಗೆ ಹೋಗಿ ವಾಪಸು ಬಂದಳು. ಕೊನೆಗೆ ಒಂದು ಬೆಳಿಗ್ಗೆ, ತಿಂಡಿಯ ಜನ ಕರಗಿದ ಮೇಲೆ, ಮೆಸ್ಸಿನ ಹಿಂಬಾಗಿಲಿನಿಂದ ಅಡುಗೆಮನೆಗೆ ಹೋದಳು.

ಸರಳಾ ಗ್ರೈಂಡರ್ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಸರಳಾ, ಕನ್ನಡದ್ದರಲ್ಲಿ ಮಾತಾಡಿದ್ದು..."

"ನೀವು. ಮೊದಲನೇ ಮಾತಿಗೇ ಗೊತ್ತಾಯ್ತು. ನಿಮ್ಮ ದನಿ ನನಗೆ ಗೊತ್ತಿಲ್ವಾ ಸುಮಿತ್ರಕ್ಕ?"

"ನಿನಗೆ ತೊಂದರೆ ಆಗದಿರಲಿ ಅಂತ ಕಣೇ. ಅವರೆಲ್ಲ ನಿನ್ನ ಮೇಲೆ ಬೀಳ್ತಾರೆ ಅಂತ..."

ಸರಳಾ ನೀರಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಕನ್ನಡದಲ್ಲಿ ನನಗೆ ಆ ಮಾತು ಬರಲ್ಲ. ಕನ್ನಡದಲ್ಲಿ ಬಾಯಿ ತೆಗೆದರೆ ನಾನು ಸೊಸೆ, ಹೂಂ ಅತ್ತೆ ಅಂತಷ್ಟೇ ಬರುತ್ತೆ. ಹಿಂದೀಲಿ ನಾನು ಯಾರ ಸೊಸೇನೂ ಅಲ್ಲ, ಅದಕ್ಕೇ ಹೇಳಿದೆ. ಕನ್ನಡದಲ್ಲಿ ಬರುತ್ತೆ ಅಂತ ಜಾಹೀರಾತು ನೋಡಿದಾಗ ನನಗೆ ಭಯ ಆಗಲಿಲ್ಲ. ಸಂತೋಷ ಆಯ್ತು. ನನ್ನ ಕೈಲಿ ಹೇಳೋಕಾಗದ್ದನ್ನ ಇನ್ನೊಬ್ಬರು ಯಾರೋ ಹೇಳಿಬಿಡ್ತಾರಲ್ಲ ಅಂತ."

ಸುಮಿತ್ರಮ್ಮನಿಗೆ ಅಲ್ಲೇ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಇಷ್ಟು ವರ್ಷ ಎಷ್ಟು ಜನರ ಮಾತು ಹೀಗೆ ತೊಳೆದು ಒರೆಸಿ ಇಟ್ಟಿದ್ದೇನೋ ಎಂದುಕೊಂಡಳು. "ಬಾ, ಈಗಲೇ ಹೇಳ್ತೀನಿ," ಎಂದು ಹೊರಗೆ ಗಲ್ಲಾದ ಹತ್ತಿರ ಹೋದಳು.

ಅತ್ತೆಯವರು ದೊಡ್ಡ ಕುಂಕುಮದ, ಮೆತ್ತನೆ ಮಾತಿನ ಹೆಂಗಸು. ಚಂದ್ರಕಾಂತ ಪಕ್ಕದ ಮೇಜು ಒರೆಸುತ್ತಿದ್ದ. ಸುಮಿತ್ರಮ್ಮ ನಿಂತಲ್ಲೇ ಎಲ್ಲ ಹೇಳಿದಳು. ಟಿವಿಯಲ್ಲಿ ಕೇಳಿದ್ದು ತನ್ನ ದನಿ, ಆ ಮಾತು ತಾನು ಕಟ್ಟಿದ್ದು, ಆ ಅಳುವೂ ತನ್ನದೇ, ಸರಳಾ ಹೇಳಿದ್ದೇ ಬೇರೆ.

ಆಕೆ ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡರು. "ನೀವು ಒಳ್ಳೇವರು ಕಣಮ್ಮಾ, ಗೆಳತಿ ಮಾನ ಕಾಯೋಕೆ ತಪ್ಪು ಮೈಮೇಲೆ ಹಾಕ್ಕೋತೀರ. ಆದರೆ ಅಂಥ ಅಳು ಎಲ್ಲಾದರೂ ಸುಳ್ಳು ಅಳೋಕೆ ಬರುತ್ತಾ? ನಾನೇ ಕಿವಿಯಾರೆ ಕೇಳಿದೀನಿ. ಅವಳು ಒಪ್ಪಿಕೊಂಡಳಲ್ಲ, ಆವತ್ತಿಂದ ನಾನು ಅವಳನ್ನ ಒಂದು ಮಾತು ಅಂದಿಲ್ಲ. ಕ್ಷಮಿಸಿಬಿಟ್ಟಿದೀನಿ."

"ಚಂದ್ರಕಾಂತ, ನೀವಾದರೂ ಹೇಳಿ," ಎಂದಳು ಸುಮಿತ್ರಮ್ಮ.

"ಅದೆಲ್ಲ ಈಗ ಯಾಕೆ ಬಿಡಿ ಮೇಡಂ," ಎಂದು ಅವನು ಒರೆಸಿದ ಮೇಜನ್ನೇ ಮತ್ತೆ ಒರೆಸಿದ.

ಅಷ್ಟರಲ್ಲಿ ಸರಳಾ ಅಡುಗೆಮನೆಯಿಂದ ಹೊರಗೆ ಬಂದು ಅತ್ತೆಯ ಎದುರಿಗೆ ನಿಂತಳು. "ಅತ್ತೆ," ಎಂದಳು. ಮುಂದಿನ ಮಾತು ಬರಲಿಲ್ಲ. ಇನ್ನೊಂದು ಸಲ "ಅತ್ತೆ" ಎಂದಳು. ಆಮೇಲೆ, ಒಂದು ಉಸಿರು ತೆಗೆದುಕೊಂಡು, ತನ್ನ ಮುರುಕು ಹಿಂದಿಯಲ್ಲಿ ಆವತ್ತು ಹೇಳಿದ್ದನ್ನೇ ಅತ್ತೆಯ ಮುಖಕ್ಕೆ ಹೇಳಿದಳು. ಮೇಜು ಒರೆಸುತ್ತಿದ್ದ ಕೈ ನಿಂತಿತು.

ಆ ಹೆಂಗಸಿಗೆ ಹಿಂದಿಯ ಗಂಧಗಾಳಿ ಇಲ್ಲ. ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು. ಕೊನೆಗೆ ಸುಮಿತ್ರಮ್ಮನ ಕಡೆ ತಿರುಗಿ, "ಏನಂತಮ್ಮಾ ಅವಳು ಅಂದಿದ್ದು? ನಿಮಗೆ ಬರುತ್ತಲ್ಲ, ಹೇಳಿ," ಎಂದರು.

ಸುಮಿತ್ರಮ್ಮನ ನಾಲಿಗೆಗೆ ಅಭ್ಯಾಸಬಲದಿಂದ ಇನ್ನೊಂದು ಮಾತು ಬಂದೇಬಿಟ್ಟಿತ್ತು, ಮೆತ್ತಗಿನದು, ಯಾರಿಗೂ ನೋಯದ್ದು. ಅದನ್ನು ನುಂಗಿಕೊಂಡಳು.

"ನಮ್ಮ ದುಡ್ಡೆಲ್ಲ ಇವರ ತಮ್ಮನಿಗೆ ಹೋಯಿತು. ದುಡಿಯೋಳು ನಾನು. ನನ್ನನ್ನ ಯಾರೂ ಒಂದು ಮಾತು ಕೇಳಲಿಲ್ಲ. ಅಂತಿದ್ದಾಳೆ."

ದನಿಯಲ್ಲಿ ಅಳು ಇರಲಿಲ್ಲ, ಏನೂ ಇರಲಿಲ್ಲ.

"ಅಷ್ಟೇನಾ?"

"ಅಷ್ಟೇ."

"ಹೌದೇನೋ?" ಎಂದು ಆಕೆ ಮಗನನ್ನು ಕೇಳಿದರು. ಚಂದ್ರಕಾಂತ ಬಟ್ಟೆ ಹಿಡಿದುಕೊಂಡು ನೆಲ ನೋಡುತ್ತ ನಿಂತ. ಎಷ್ಟು ಹೊತ್ತಾದರೂ ಅವನು ಇಲ್ಲ ಎನ್ನಲಿಲ್ಲ. ಹೆತ್ತ ತಾಯಿಗೆ ಅಷ್ಟು ಸಾಕಾಯಿತು.

"ಇಷ್ಟು ದಿನ ನಾನು ಇವಳನ್ನ ಕ್ಷಮಿಸ್ತಾ ಕೂತಿದ್ನಲ್ಲೋ," ಎಂದರು ಆಕೆ. ಗಲ್ಲಾದ ಕುರ್ಚಿಯಿಂದ ಕೈಯೂರಿ ಎದ್ದು ನಿಂತರು. ಸರಳಾ ಹೋಗಿ ಕೂರಲಿಲ್ಲ, ಒಳಗೂ ಹೋಗಲಿಲ್ಲ. ಸುಮಿತ್ರಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಸುಮಿತ್ರಮ್ಮ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು. ಮೂರು ಸಣ್ಣ ಮಾತು, ಹೇಳಲು ಒಂದು ಉಸಿರೂ ಪೂರ್ತಿ ಬೇಕಾಗಿರಲಿಲ್ಲ. ಆವತ್ತು ಸ್ಟುಡಿಯೋದಲ್ಲಿ ಹೇಳಿದ್ದರೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು.